ಬೆರಳಿನ ಅಳತೆಗೆ ಒಂದು ಚೆಂಡು

ಹೊಸ ಬೌಲಿಂಗ್ ಚೆಂಡಿಗೆ ಸಾಮಾನ್ಯವಾಗಿ ತೂತುಗಳೇ ಇರುವುದಿಲ್ಲ. ಮಾಲ್‌ನಲ್ಲಿ ಬಾಡಿಗೆ ಶೂ ತೊಟ್ಟು, ಮೂರು ತೂತಿನ ಬಣ್ಣಬಣ್ಣದ ಚೆಂಡು ಉರುಳಿಸಿ ಬಂದವರಿಗೆ ಇದು ವಿಚಿತ್ರ ಅನ್ನಿಸೀತು. ಡಬ್ಬ ಬಿಚ್ಚಿದರೆ ಸಿಗುವುದು ಎಂಟೂವರೆ ಅಂಗುಲ ವ್ಯಾಸದ ನುಣ್ಣನೆಯ ಗುಂಡು. ಅದನ್ನು ಆಡಲು ಬರುವಂತೆ ಮಾಡುವವರು ಬೇರೆ ಇದ್ದಾರೆ. ಅಮೆರಿಕದ ಅನೇಕ ಬೌಲಿಂಗ್ ಕೇಂದ್ರಗಳ ಒಂದು ಮೂಲೆಯಲ್ಲಿ 'ಪ್ರೊ ಶಾಪ್' ಅನ್ನುವ ಪುಟ್ಟ ಅಂಗಡಿ ಇರುತ್ತದೆ. ಗೋಡೆ ತುಂಬ ಚೆಂಡುಗಳು, ಒಳಗೊಂದು ಕೊರೆಯುವ ಯಂತ್ರ. ಮೊದಲ ಚೆಂಡು ಕೊಳ್ಳಲು ಹೊರಟವರು ಬ್ರ್ಯಾಂಡಿಗಿಂತ ಮೊದಲು ಹುಡುಕಬೇಕಾದ್ದು ಆ ಯಂತ್ರದ ಹಿಂದೆ ನಿಂತ ಒಳ್ಳೆಯ ಕೈಯನ್ನು.

ದರ್ಜಿಯ ಹಾಗೆ ಅವರ ಕೆಲಸವೂ ಅಳತೆಯಿಂದಲೇ ಶುರು. ಹೆಬ್ಬೆರಳಿನಿಂದ ನಡುಬೆರಳಿಗೆ, ಉಂಗುರದ ಬೆರಳಿಗೆ ಎಷ್ಟು ದೂರ, ಪ್ರತಿ ಬೆರಳಿನ ದಪ್ಪ ಎಷ್ಟು, ಗೆಣ್ಣು ಎಷ್ಟು ಬಾಗುತ್ತದೆ ಎಲ್ಲವನ್ನೂ ನೋಡುತ್ತಾರೆ. ತೂತು ನೆಟ್ಟಗೆ ಇಳಿಯಬೇಕೋ, ಅಂಗೈ ಕಡೆಗೆ ತುಸು ಓರೆಯಾಗಬೇಕೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸುವುದು ಹಳೆಯ ಹಿಡಿತ, ಬಾಡಿಗೆ ಚೆಂಡುಗಳದ್ದೂ ಅದೇ. ತುದಿಯ ಮೊದಲ ಗೆಣ್ಣಿನವರೆಗೆ ಮಾತ್ರ ಇಳಿಸುವುದು 'ಫಿಂಗರ್‌ಟಿಪ್' ಹಿಡಿತ. ಇದರಲ್ಲಿ ಹೆಬ್ಬೆರಳು ಮೊದಲು ಜಾರಿ ಹೊರಬಂದು, ಉಳಿದೆರಡು ಬೆರಳು ಚೆಂಡನ್ನು ತಿರುಗಿಸಿ ಬಿಡುತ್ತವೆ. ಆಟ ಮುಂದುವರಿಸುವ ಮನಸ್ಸಿದ್ದರೆ ಮೊದಲ ಚೆಂಡಿಗೇ ಇದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೆಲವು ವಾರ ಕೈ ತಡವರಿಸುತ್ತದೆ, ಆಮೇಲೆ ಒಗ್ಗುತ್ತದೆ.

ಬಾಡಿಗೆ ಚೆಂಡಿನ ಹೆಬ್ಬೆರಳ ತೂತು ಬಂದವರಿಗೆಲ್ಲ ಆಗಬೇಕೆಂದು ದೊಡ್ಡದಾಗಿರುತ್ತದೆ. ಸಡಿಲವಾದ್ದನ್ನು ಬೀಳದಂತೆ ಹಿಸುಕಿ ಹಿಡಿಯಬೇಕು. ಹಿಸುಕಿದರೆ ತೋಳು ಬಿಗಿಯುತ್ತದೆ, ತೋಳು ಬಿಗಿದರೆ ಚೆಂಡು ಗುರಿ ಬಿಟ್ಟು ಗಟಾರಕ್ಕೆ ಹೋಗುತ್ತದೆ. ಅಳತೆಗೆ ಕೊರೆದ ಚೆಂಡು ತಾನಾಗಿ ಕೈಗೆ ಅಂಟಿದಂತಿದ್ದು ಹಗುರ ಅನ್ನಿಸುತ್ತದೆ. ಹಾಗಾಗಿ ಬಾಡಿಗೆಯದ್ದು 12 ಪೌಂಡ್ ಎತ್ತುತ್ತಿದ್ದವರು ಸ್ವಂತದ್ದಕ್ಕೆ 13, 14 ಪೌಂಡ್‌ಗೆ ಹೋಗಬಹುದು. ನಿಯಮದ ಮಿತಿ 16 ಪೌಂಡ್, ಅಂದರೆ ಸುಮಾರು ಏಳೂಕಾಲು ಕಿಲೋ. ದೇಹತೂಕದ ಹತ್ತನೇ ಒಂದು ಭಾಗ ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಅದಕ್ಕಿಂತ, ಮೂರನೇ ಆಟದ ಕೊನೆಯಲ್ಲೂ ಭುಜ ಗೊಣಗದ ತೂಕವನ್ನು ನಂಬುವುದು ಮೇಲು.

ತೂಕ ಗೊತ್ತಾದ ಮೇಲೆ ಚೆಂಡಿನ ಹೊರಪದರದ ಪ್ರಶ್ನೆ. ಒಂದು ಕಾಲಕ್ಕೆ ಚೆಂಡನ್ನು ಲಿಗ್ನಮ್ ವೀಟೆ ಎಂಬ ಗಟ್ಟಿ ಮರದಲ್ಲಿ ಕಡೆಯುತ್ತಿದ್ದರು. 1905ರ ಹೊತ್ತಿಗೆ ರಬ್ಬರ್ ಬಂತು, ಆಮೇಲೆ ಆಟಗಾರರು 'ಪ್ಲಾಸ್ಟಿಕ್' ಅನ್ನುವ ಪಾಲಿಯೆಸ್ಟರ್. ಪದರದ ಮಹತ್ವ ಎಲ್ಲರ ಕಣ್ಣಿಗೆ ಬಿದ್ದದ್ದು 1973ರಲ್ಲಿ. ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಚೆಂಡನ್ನು ದ್ರಾವಕದಲ್ಲಿ ನೆನೆಸಿ ಮೆತ್ತಗಾಗಿಸಿ, ಅದೊಂದೇ ವರ್ಷ ಆರು ಟೂರ್ನಿ ಗೆದ್ದ. ಮೆತ್ತನೆಯ ಪದರ ಲೇನನ್ನು ಕಚ್ಚಿ ಹಿಡಿದು ಹೆಚ್ಚು ತಿರುಗುತ್ತಿತ್ತು. ಬಳಿಕ ಗಡಸುತನಕ್ಕೆ ಕನಿಷ್ಠ ಮಿತಿಯ ನಿಯಮ ಬಂತು. 1980ರ ದಶಕದಲ್ಲಿ ಯುರೆಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂದ ಮೇಲೆ ಅಂಥ ತಿರುವು ಅಂಗಡಿಯಲ್ಲೇ ಸಿಗತೊಡಗಿತು.

ತಿರುವಿನ ಗುಟ್ಟು ಎಣ್ಣೆಯಲ್ಲಿದೆ. ಅರವತ್ತು ಅಡಿ ಉದ್ದದ ಲೇನಿನ ಮುಂಭಾಗಕ್ಕೆ, ಸಾಮಾನ್ಯವಾಗಿ ನಲವತ್ತು ಅಡಿಯ ಆಸುಪಾಸಿನವರೆಗೆ, ತೆಳ್ಳಗೆ ಎಣ್ಣೆ ಬಳಿದಿರುತ್ತಾರೆ. ಚೆಂಡು ಅಲ್ಲಿ ಜಾರಿ, ಒಣ ಜಾಗಕ್ಕೆ ಬಂದೊಡನೆ ಹಿಡಿತ ಸಿಕ್ಕಿ ಬಾಗುತ್ತದೆ. ರೆಸಿನ್ ಪದರದ ಸೂಕ್ಷ್ಮ ರಂಧ್ರಗಳು ಎಣ್ಣೆ ಹೀರುವುದರಿಂದ ಆ ಹಿಡಿತ ಬಲವಾಗಿರುತ್ತದೆ. ಬಲಗೈ ಆಟಗಾರನ ಚೆಂಡು ಒಂದನೇ ಮತ್ತು ಮೂರನೇ ಪಿನ್ ನಡುವಿನ ಸಂದಿಗೆ ಓರೆಯಾಗಿ ನುಗ್ಗಿದರೆ ಸ್ಟ್ರೈಕ್ ಸಾಧ್ಯತೆ ಹೆಚ್ಚು. ಪ್ಲಾಸ್ಟಿಕ್ ಚೆಂಡು ಬಹುಮಟ್ಟಿಗೆ ನೇರ ಹೋಗುತ್ತದೆ, ಉಳಿದ ಒಂಟಿ ಪಿನ್ ಕೆಡವುವ ಸ್ಪೇರ್‌ಗೆ ಅದೇ ಬೇಕು. ತಿಂಗಳಿಗೊಮ್ಮೆ ಆಡುವವರಿಗೆ ಪ್ಲಾಸ್ಟಿಕ್ ಧಾರಾಳ ಸಾಕು. ವಾರವಾರ ಆಡುವವರು ಕಡಿಮೆ ಬೆಲೆಯ, ಸೌಮ್ಯವಾಗಿ ತಿರುಗುವ ರೆಸಿನ್ ಕೊಳ್ಳಲಿ. ದುಬಾರಿ ಚೆಂಡು ತಂದರೆ ತಿರುವು ಬರುವುದಿಲ್ಲ. ಅದು ಬಿಡುವ ಕೈಯಿಂದ ಬರಬೇಕು.

ಇನ್ನು ಸೆಕೆಂಡ್ ಹ್ಯಾಂಡ್. ಅಮೆರಿಕದ ಹಳೆ ಸಾಮಾನಿನ ಅಂಗಡಿಗಳಲ್ಲಿ ಚೀಲ ಸಮೇತ ಚೆಂಡುಗಳು ಕೆಲವೇ ಡಾಲರ್‌ಗೆ ಬಿದ್ದಿರುತ್ತವೆ. ಆದರೆ ಅವುಗಳ ತೂತು ಬೇರೆಯವರ ಬೆರಳಿನದು. ಹಳೇ ತೂತಿಗೆ ರೆಸಿನ್ ತುಂಬಿ, ಗಟ್ಟಿಯಾದ ಮೇಲೆ ಹೊಸದಾಗಿ ಕೊರೆಯಬಹುದು. ಆ ಎರಡೂ ಕೂಲಿ ಸೇರಿದರೆ ಹೊಸ ಪ್ಲಾಸ್ಟಿಕ್ ಚೆಂಡಿನ ಬೆಲೆಯ ಹತ್ತಿರಕ್ಕೇ ಬಂದುಬಿಡುತ್ತದೆ. ಆದ್ದರಿಂದ ಹಳೆಯ ಪ್ಲಾಸ್ಟಿಕ್ ಚೆಂಡಿಗೆ ದುಡ್ಡು ಹಾಕುವುದು ವ್ಯರ್ಥ. ಕೆಲವೇ ತಿಂಗಳು ಆಡಿದ ರೆಸಿನ್ ಚೆಂಡನ್ನು ಪರಿಚಿತ ಆಟಗಾರರೊಬ್ಬರು ಮಾರುತ್ತಿದ್ದರೆ ಮಾತ್ರ ಲಾಭ. ಆಗಲೂ ಎರಡು ಬೆರಳ ತೂತುಗಳ ನಡುವಿನ ಸೇತುವೆಯಲ್ಲಿ ಬಿರುಕಿದೆಯೇ ಎಂದು ಉಗುರಾಡಿಸಿ ನೋಡಿ. ಪಕ್ಕದಲ್ಲಿ ಬೆರಳಿಗೆ ಸಂಬಂಧವಿಲ್ಲದ ನಾಲ್ಕನೇ ತೂತಿದ್ದರೆ ಅದು ಹಿಂದೆ ತೂಕ ಸರಿದೂಗಿಸಲು ಕೊರೆದದ್ದು. 2020ರ ಆಗಸ್ಟ್ 1ರಿಂದ ಅಮೆರಿಕದ ಬೌಲಿಂಗ್ ಕಾಂಗ್ರೆಸ್ ಅದನ್ನು ನಿಷೇಧಿಸಿದೆ, ಮುಚ್ಚಿಸದೆ ಲೀಗ್‌ನಲ್ಲಿ ಆಡಿಸುವಂತಿಲ್ಲ. ಎಣ್ಣೆ ಕುಡಿದು ಮಂಕಾದ ರೆಸಿನ್‌ಗೆ ಅಷ್ಟು ಹೆದರಬೇಕಿಲ್ಲ, ಶಾಖ ಕೊಟ್ಟು ಎಣ್ಣೆ ಬೆವರಿಸಿ ತೆಗೆಯುವ ವಿಧಾನಗಳಿವೆ.

ಬೆಂಗಳೂರಿನಲ್ಲಿ ಬೌಲಿಂಗ್ ಎಂದರೆ ಬಹುಪಾಲು ಆಫೀಸಿನ ತಂಡದವರ ಸಂಜೆಯ ಮೋಜು. ಚಕ್ರದ ಚೀಲದಲ್ಲಿ ಸ್ವಂತ ಚೆಂಡು ಎಳೆದು ತರುವವರು ಬೆರಳೆಣಿಕೆಯಷ್ಟು, ಅವರಿಗೆ ಕೊರೆದು ಕೊಡುವವರು ಇನ್ನೂ ವಿರಳ. ಅಮೆರಿಕದಿಂದ ಬರುವ ಅಣ್ಣನ ಸೂಟ್‌ಕೇಸಿನಲ್ಲಿ ತರಿಸುವ ಯೋಚನೆಯಿದ್ದರೆ ಎರಡು ಮಾತು. ಚಾಕಲೇಟಿನ ಜಾಗದಲ್ಲಿ ಆರೇಳು ಕಿಲೋ ಹೊರಲು ಅವನು ಒಪ್ಪಬೇಕು. ಅಂದಾಜಿನ ಮೇಲೆ ಅಲ್ಲಿಯೇ ಕೊರೆಸಿ ತಂದರೆ ಅದು ನಿಮಗೂ ಇಲ್ಲ, ಅವನಿಗೂ ಇಲ್ಲ. ತೂತಿಲ್ಲದ ಚೆಂಡನ್ನೇ ತರಿಸಿ, ಕೊರೆಯುವವರು ಇಲ್ಲಿ ಯಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಕೊರೆಸಿದ ಮೇಲೆ ಒಂದಷ್ಟು ಆಟ ಆಡಿ ಮತ್ತೆ ಅವರ ಬಳಿ ಹೋಗಿ. ಹೆಬ್ಬೆರಳು ಆಟದ ನಡುವೆ ಊದುತ್ತದೆ, ಕುಗ್ಗುತ್ತದೆ. ತೂತನ್ನು ಸ್ವಲ್ಪ ಉಜ್ಜಿ ಅಗಲಿಸುವುದೋ, ಒಳಗೆ ಟೇಪ್ ಅಂಟಿಸಿ ಬಿಗಿ ಮಾಡುವುದೋ ಆಗಲೇ ತೀರ್ಮಾನವಾಗುವುದು. ಮನೆಗೆ ಹೋಗುವಾಗ ಚೆಂಡಿನ ಎಣ್ಣೆ ಒರೆಸಿ, ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ. ಕಾವಿಗೆ ಹೊರಪದರ ಬಿರುಕು ಬಿಡುತ್ತದೆ.