ಮಡಿಯ ಅಗಲ ಕೈಗೆ ಎಟುಕುವಷ್ಟಿರಲಿ

ತರಕಾರಿ ಸಸಿಮಡಿಯ ಅಗಲ 4 ಅಡಿ ಮೀರಬಾರದೆಂದು ನಾವು ರೈತರಿಗೆ ಹೇಳುತ್ತಲೇ ಇರುತ್ತೇವೆ. ಏಕೆ 4 ಅಡಿ ಎಂದು ಕೇಳುವವರು ಕಡಿಮೆ. ಈ ಅಳತೆ ಹುಟ್ಟಿರುವುದು ನಮ್ಮ ಕೈಯ ಉದ್ದದಿಂದ. ಮಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತವರ ಕೈ ಸುಮಾರು 2 ಅಡಿಯವರೆಗೆ ಆಯಾಸವಿಲ್ಲದೆ ಆಡುತ್ತದೆ. ಎರಡೂ ಬದಿಯಿಂದ ಸೇರಿ 4 ಅಡಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾಲುದಾರಿಗೆ ಜಾಗ ವ್ಯರ್ಥವಾಗುತ್ತದೆಂದು ಎಣಿಸಿ ಮೆಣಸಿನಕಾಯಿ ಸಸಿಗೆ 6 ಅಡಿ ಅಗಲದ ಮಡಿ ಹಾಕಿಸಿದ್ದೆ. ಕಳೆ ಕೀಳಲು ಬಂದ ಹಿರಿಯ ಹೆಂಗಸೊಬ್ಬರು, "ಸ್ವಾಮಿ, ನಡುಮಧ್ಯಕ್ಕೆ ಕೈ ಎಟುಕಾಕಿಲ್ಲ. ಮಡಿ ಹಾಕಿಸ್ದೋರು ನೀವು, ಕಳೆ ಕೀಳೋರು ನಾವು" ಎಂದರು. ನಾನು ನಕ್ಕು ಸುಮ್ಮನಾದೆ. ಅವರು ಬೇರೆ ದಾರಿಯಿಲ್ಲದೆ ಮಡಿಯೊಳಗೆ ಕಾಲಿಟ್ಟರು. ಹೆಜ್ಜೆ ಬಿದ್ದಲ್ಲಿ ಮಣ್ಣು ಗಟ್ಟಿಯಾಗಿ ನೀರು ನಿಂತಿತು. ಅಲ್ಲಿಂದಲೇ ಸಸಿಗಳು ಬುಡ ಕೊಳೆತು ಮಲಗತೊಡಗಿದವು. ಔಷಧಿ ಸುರಿದದ್ದೂ ಆಯಿತು. ತಪ್ಪು ಇದ್ದದ್ದು ನನ್ನ ಅಳತೆಯಲ್ಲಿ.

ಆಕೆಯ ಬಲಭುಜ ಬಿಗಿದುಕೊಂಡಿತ್ತೆಂದು ಆಮೇಲೆ ತಿಳಿಯಿತು. ಇಂಥವರು ನಮ್ಮ ಹಳ್ಳಿಗಳಲ್ಲಿ ವಿರಳವಲ್ಲ. 40ರಿಂದ 60 ವರ್ಷದೊಳಗೆ ಭುಜ ಬಿಗಿಯುವುದು ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಜಡೆ ಹಾಕಿಕೊಳ್ಳುವುದು, ಅಟ್ಟದ ಮೇಲಿನ ಡಬ್ಬ ತೆಗೆಯುವುದು, ಬೆನ್ನು ಉಜ್ಜಿಕೊಳ್ಳುವುದು ಎಲ್ಲವೂ ಕಷ್ಟ. ವೈದ್ಯರಿಗೆ ಬೇಗ ತೋರಿಸುವುದು ಒಳ್ಳೆಯದು. ಮನೆಯಲ್ಲಾದರೆ ಅವರು ನೆಲುವನ್ನು ತುಸು ಕೆಳಗೆ ಕಟ್ಟಿಕೊಳ್ಳುತ್ತಾರೆ. ಹೊಲದಲ್ಲಿ ಮಡಿಯನ್ನು ಕಿರಿದು ಮಾಡುವ ಮಾತು ಅವರ ಕೈಯಲ್ಲಿಲ್ಲ.

ಆದ್ದರಿಂದ ಹಗ್ಗ ಹಿಡಿಯುವ ಮೊದಲು, ಕಳೆ ಕೀಳುವವರನ್ನೇ ಅಂಚಿನಲ್ಲಿ ಕೂರಿಸಿ. ಮೈ ಮುಂದಕ್ಕೆ ಬಾಗಿಸದೆ ಕೈ ಚಾಚಲಿ. ಬೆರಳು ಮುಟ್ಟಿದಲ್ಲಿ ಕಡ್ಡಿ ನೆಡಿ. ಆ ದೂರದ ಎರಡರಷ್ಟೇ ಮಡಿಯ ಅಗಲ. ಕೈ ಒಂದೂವರೆ ಅಡಿಯಷ್ಟೇ ಹೋದರೆ ಮಡಿ 3 ಅಡಿ ಇರಲಿ. ಗೋಡೆಗೋ ಬೇಲಿಗೋ ಒತ್ತಿದ ಮಡಿಗೆ ಒಂದೇ ಬದಿಯಿಂದ ಕೈ ಹೋಗುವುದರಿಂದ ಅಗಲ ಅರ್ಧಕ್ಕಿಳಿಯಬೇಕು.

ಜಾಗದ ಚಿಂತೆಯೇ? 1 ಅಡಿ ಕಾಲುದಾರಿ ಬಿಟ್ಟರೆ 4 ಅಡಿ ಮಡಿಯಲ್ಲಿ ನೂರಕ್ಕೆ 80 ಪಾಲು ನೆಲ ಸಸಿಗೆ ಸಿಗುತ್ತದೆ, 3 ಅಡಿ ಮಡಿಯಲ್ಲಿ 75 ಪಾಲು. ಈ 5 ಪಾಲಿನ ನಷ್ಟಕ್ಕಿಂತ ತುಳಿದು ಹಾಳಾಗುವುದೇ ಹೆಚ್ಚೆಂದು ನನ್ನ ಅಭಿಪ್ರಾಯ. ಈಗ ಟೊಮ್ಯಾಟೊ, ಕೋಸಿನ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿದ್ದನ್ನೇ ಹಲವರು ಕೊಂಡು ತರುತ್ತಾರೆ, ನಿಜ. ಈರುಳ್ಳಿ ಸಸಿಗೆ, ಸೊಪ್ಪಿಗೆ, ನಾಟಿ ರಾಗಿಯ ಒಟ್ಲಿಗೆ ಮಡಿ ಬೇಕೇ ಬೇಕು.

ಹಾಗಲ, ಹೀರೆ, ದ್ರಾಕ್ಷಿ ಚಪ್ಪರಕ್ಕೂ ಇದೇ ಮಾತು ಸಲ್ಲುತ್ತದೆ. ಕಂಬ ನೆಡುವ ಮುನ್ನ ಕೊಯ್ಯುವವರನ್ನು ನಿಲ್ಲಿಸಿ, ಕೈ ಎತ್ತಿಸಿ ಎತ್ತರ ಗುರುತು ಮಾಡಿ. ತಂತಿ ಬಿಗಿದ ಮೇಲೆ ಚಪ್ಪರವನ್ನು ತಗ್ಗಿಸುವುದು ಸುಲಭವಲ್ಲ.