ಮೇಸ್ತ್ರಿಗೆ ಮುಖ ಓದಲು ಬರಬೇಕು

ಬೆಳಗೋಡು ಹೋಬಳಿಯ ಕಾಫಿ ತೋಟ. ರೊಬಸ್ಟಾ ಕೊಯ್ಲಿನ ಸಮಯ. ಸಂಜೆ ತೂಕದ ಹೊತ್ತಿಗೆ ಒಬ್ಬಾಕೆಯ ಚೀಲ ಹಗುರ.

"ಯಾಕಮ್ಮ ಇಷ್ಟೇ?" ಅಂತ ಎಲ್ಲರೆದುರು ಕೇಳಿದರೆ ಆಕೆ ತಲೆ ತಗ್ಗಿಸ್ತಾಳೆ, ಕಾರಣ ಹೊರಗೆ ಬರಲ್ಲ. ಒಳ್ಳೆ ಮೇಸ್ತ್ರಿ ಪಕ್ಕಕ್ಕೆ ಕರೆದು ಕೇಳ್ತಾರೆ: "ಹುಷಾರಿದ್ದೀಯಾ? ನಾನು ಕೊಟ್ಟ ಸಾಲಲ್ಲಿ ಹಣ್ಣು ಕಮ್ಮಿ ಇತ್ತಾ?"

ಹೀಗೆ ಮುಖ ಓದುವುದು ತೋಟದಲ್ಲಷ್ಟೇ ಅಲ್ಲ, ಯಾವ ತಂಡಕ್ಕೂ ಉಪಯೋಗ. 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ 699 ಜನರನ್ನು ಸಣ್ಣ ಗುಂಪುಗಳಲ್ಲಿ ಪರೀಕ್ಷಿಸಿತ್ತು. ಕಣ್ಣು ನೋಡಿ ಭಾವನೆ ಗುರುತಿಸಬಲ್ಲವರು ಇದ್ದ, ಎಲ್ಲರಿಗೂ ಮಾತಿನ ಸರದಿ ಸಿಕ್ಕ ಗುಂಪುಗಳೇ ಕೊಟ್ಟ ಕೆಲಸಗಳಲ್ಲಿ ಮುಂದಿದ್ದವು. ಗುಂಪಿನ ಸಾಧನೆಗೂ ಸದಸ್ಯರ ಬುದ್ಧಿಮತ್ತೆಗೂ ಇದ್ದ ನಂಟು ಅಷ್ಟು ಬಲವಾಗಿರಲಿಲ್ಲ.

ನೀವೂ ತಂಡ ನಡೆಸ್ತೀರಾ? ಸುಮ್ಮನಿರುವವರನ್ನು ಮೊದಲು ಮಾತಾಡಿಸಿ. ಮುಖ ನೋಡಿ ಊಹಿಸಿದ್ದನ್ನು ಕೇಳಿ ಖಚಿತ ಮಾಡಿಕೊಳ್ಳಿ. ತಪ್ಪನ್ನು ಏಕಾಂತದಲ್ಲಿ ಹೇಳಿ, ಮೆಚ್ಚುಗೆಯನ್ನು ಎಲ್ಲರೆದುರು ಹೇಳಿ.