ಮೆತ್ತನೆಯ ನೆಲದಲ್ಲಿ ಮನೆಯ ಪಾಯ

ಸಾಲ ಮಾಡಿ ಕಟ್ಟಿಸಿದ ಗೋಡೆ ಮೊದಲ ವರ್ಷ ನೆಟ್ಟಗಿದ್ದು, ಆಮೇಲೆ ಬಿರುಕು ಬಿಡುವುದುಂಟು. ಹಸಿ ಜೇಡಿ ನೆಲದಲ್ಲಿ ಹೀಗೇಕೆ? ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿ ನೋಡಿ: ನೀರು ಸೋರಿದ ಹಾಗೆಲ್ಲ ಮೊಸರು ಕುಗ್ಗುತ್ತದೆ. ಜೇಡಿಯೂ ಹಾಗೇನೆ. ಹೊಸ ಭಾರವನ್ನು ಮೊದಲು ಅದರೊಳಗಿನ ನೀರು ಹೊರುತ್ತದೆ. ನೀರು ನಿಧಾನವಾಗಿ ಹೊರಟಂತೆ ಭಾರ ಮಣ್ಣಿನ ಮೇಲೆ ಬಿದ್ದು ನೆಲ ತಗ್ಗುತ್ತದೆ. ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರು 1925ರ ತಮ್ಮ ಪುಸ್ತಕದಲ್ಲಿ ಇದರ ಲೆಕ್ಕ ತಿಳಿಸಿದರು. ಅದರಂತೆ, ಅದೇ ಜೇಡಿಯ ಪದರ ಎರಡು ಪಟ್ಟು ದಪ್ಪವಿದ್ದರೆ ತಗ್ಗಿ ನಿಲ್ಲಲು ನಾಲ್ಕು ಪಟ್ಟು ಕಾಲ ಬೇಕು. ಒಂದು ಮೂಲೆಯಲ್ಲಿ ಜೇಡಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ಗೋಡೆ ಸಮನಾಗಿ ಇಳಿಯದೆ ಸೀಳುತ್ತದೆ. ಆದ್ದರಿಂದ ಪಾಯಕ್ಕೆ ಮೊದಲು ನಾಲ್ಕು ಮೂಲೆಯಲ್ಲೂ ಗುಂಡಿ ತೋಡಿಸಿ ಮಣ್ಣು ನೋಡಿ. ಗಟ್ಟಿ ನೆಲ ಸಿಗದಿದ್ದರೆ ಜಾಗ ಬದಲಾಯಿಸುವುದೇ ಲೇಸು.